ಮುಲುಂಡಿಗೆ ಬಂದ ಪರದೇಶದವಳು

ಸಾಂತಾಕ್ರೂಜ್

ನನ್ನನ್ನು ಕರೆದುಕೊಂಡು ಹೋಗಲು ಮುಂಬೈಯ ವಿಮಾನ ನಿಲ್ದಾಣಕ್ಕೆ ನಾಲ್ಕು ಜನ ಬಂದಿದ್ದರು. ನನ್ನ ಅಕ್ಕ ಸುಶೀಲಾ, ಆಕೆಯ ಯಜಮಾನರು ಗುಂಡೇರಾವ್ ಭಾವ, ಅವರ ಒಬ್ಬಳೇ ಮಗಳು ವತ್ಸಲಾ, ಮತ್ತು ಕೈಯಲ್ಲಿ ಗುಲಾಬಿ ಹಾರ ಹಿಡಿದ, ನಾನು ಹುಟ್ಟಿದಾಗಿನಿಂದ ಮುಖ ನೋಡಿರದ ಒಬ್ಬ ದಪ್ಪನೆಯ ಗೃಹಸ್ಥರು. ಇದು ಎಪ್ಪತ್ತೈದರ ಜನವರಿಯ ಮಾತು. ಅರವತ್ತೆಂಟರಲ್ಲಿ ಗಂಡನ ಜೊತೆ ಇದೇ ನಿಲ್ದಾಣದಿಂದ ಕೆನಡಾಕ್ಕೆ ಹೋದವಳು ನಾನು, ಮೊದಲ ಸಲ ತಿರುಗಿ ಬಂದಿದ್ದೆ. ಗಂಡನಿಗೆ ಕಾರ್ಖಾನೆಯವರು ರಜೆ ಕೊಡಲಿಲ್ಲ, ಒಬ್ಬಳೇ ಬಂದೆ.

ಆ ನಾಲ್ವರನ್ನು ಮುಟ್ಟುವುದಕ್ಕೆ ಮುಂಚೆ ಒಳಗೆ ಒಂದು ಮೇಜು ದಾಟಬೇಕಿತ್ತು. ಸಾಲು ಎರಡು. ನನ್ನ ಕಾಲುಗಳು ತಾವಾಗಿಯೇ ನಮ್ಮವರ ಸಾಲಿಗೆ ಹೋಗಿ ನಿಂತವು. ಮುಂದೆ ಒಬ್ಬ ಸರದಾರಜಿ, ಹಿಂದೆ ಟೇಪ್ ರಿಕಾರ್ಡರನ್ನು ಕೂಸಿನಂತೆ ಅಪ್ಪಿಕೊಂಡ ಒಬ್ಬ ಗುಜರಾತಿ. ಬಹಳ ಹೊತ್ತು ನಿಂತೆ. ನನ್ನ ಸರದಿ ಬಂದಾಗ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತೆರೆಯಲೂ ಇಲ್ಲ. ರಟ್ಟಿನ ಬಣ್ಣ ನೋಡಿದ, ಪಕ್ಕದ ಸಾಲಿನ ಕಡೆ ಬೆರಳು ತೋರಿಸಿದ. ಆ ಸಾಲಿನಲ್ಲಿ ಇದ್ದವರು ಕೆಂಪು ಮೂಗಿನ ಸಾಹೇಬರು, ಕೊರಳಿಗೆ ರುದ್ರಾಕ್ಷಿ ಹಾಕಿಕೊಂಡು ಬರಿಗಾಲಲ್ಲಿ ಬಂದ ಬಿಳಿ ಹುಡುಗಿಯರು. ಅವರ ಬಾಲಕ್ಕೆ ಇಳಕಲ್ ಸೀರೆಯುಟ್ಟ ನಾನು.

ಅಲ್ಲಿ ಕೂತವನು ಯಾತಕ್ಕೆ ಬಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕನ ಮನೆಗೆ ಬಂದಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದೆ. ಎಷ್ಟು ದಿನ ಇರುತ್ತೀರಿ ಎಂದ, ಇಂಗ್ಲಿಷಿನಲ್ಲಿಯೇ. ನಾನು ಮರಾಠಿಗೆ ಇಳಿದೆ. ಅವನು ಇಂಗ್ಲಿಷು ಬಿಡಲಿಲ್ಲ. ಈ ಊರಿನ ಮುನಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಒಂಬತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನು ಮುದ್ರೆ ಒತ್ತಿ, ನಗುತ್ತಾ, ನಮ್ಮ ದೇಶದಲ್ಲಿ ನಿಮ್ಮ ದಿನಗಳು ಸುಖವಾಗಿ ಕಳೆಯಲಿ ಎಂದು ಹಾರೈಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾರೈಸಿದ್ದನ್ನು ಇವತ್ತಿಗೂ ತಡೆದುಕೊಳ್ಳಲು ಆಗಿಲ್ಲ.

ಹೊರಗೆ ಬಂದರೆ ಅಕ್ಕನನ್ನು ಅಪ್ಪಿಕೊಳ್ಳುವ ಮೊದಲೇ ಆ ದಪ್ಪ ಗೃಹಸ್ಥರು ನುಗ್ಗಿ ಬಂದು ಹಾರ ಹಾಕಿದರು. ನಮ್ಮ ಕಡೆ ಪರಪುರುಷರು ಹೆಂಗಸಿನ ಕೊರಳಿಗೆ ಹಾರ ಹಾಕುವುದನ್ನು ಯಾರೂ ಕಂಡಿಲ್ಲ. ಯಾರಿವರು ಎಂದು ಅಕ್ಕನನ್ನು ಕೇಳಿದರೆ, ನಮ್ಮವರೇ, ಘಾಟ್ಕೋಪರದ ಕಟ್ಟಿಯವರು, ಮನೆಗೆ ಹೋಗಿ ಹೇಳುತ್ತೇನೆ ಎಂದಳು. ಟ್ಯಾಕ್ಸಿಯಲ್ಲಿ ನನ್ನನ್ನು ಮುಂದಿನ ಸೀಟಿಗೆ ಕೂರಿಸಿದರು. ಆ ಸೀಟಿನಲ್ಲಿ ಅಲ್ಲಿಯವರೆಗೆ ನಮ್ಮ ಮನೆಯ ಯಾವ ಹೆಂಗಸೂ ಕೂತಿರಲಿಲ್ಲ.

ಮುಲುಂಡ್

ಅಕ್ಕನದು ಸ್ಟೇಶನ್ನಿನಿಂದ ನಡೆಯುವಷ್ಟು ದೂರದ ಒಂದು ಬಿಲ್ಡಿಂಗು, ಎರಡನೆಯ ಮಾಳಿಗೆ, ಎರಡು ಕೋಣೆ ಮತ್ತು ಅಡುಗೆಮನೆ. ಕೆನಡಾಕ್ಕೆ ಹೋಗುವ ಮುಂಚೆ ನಾನು ಆ ಕೋಣೆಗಳಲ್ಲಿ ನೆಲದ ಮೇಲೆ ಉರುಳಿದವಳು, ಅಕ್ಕನ ತಾಟಿನಲ್ಲಿಯೇ ಕೈ ಹಾಕಿ ಉಂಡವಳು. ಈಗ ನನಗೆ ಕುರ್ಚಿ. ಎಲ್ಲರೂ ನೆಲದ ಮೇಲೆ ಕೂತು ಉಂಡರೆ ನಾನೊಬ್ಬಳು ಮೇಜಿನ ಮೇಲೆ. ಉಂಡ ತಾಟು ಎತ್ತಲು ಹೋದರೆ ಅಕ್ಕ ಕೈಯಿಂದ ಕಿತ್ತುಕೊಂಡಳು. ಕುಡಿಯಲು ಕಾಯಿಸಿ ಆರಿಸಿದ ನೀರು, ಬೇರೆ ತಂಬಿಗೆಯಲ್ಲಿ. ಅಲ್ಲಿನ ಹೊಟ್ಟೆಗೆ ಇಲ್ಲಿನ ನೀರು ಹಿಡಿಸುವುದಿಲ್ಲ ಎಂದು ಭಾವನವರಿಗೆ ಯಾರೋ ಹೇಳಿದ್ದರಂತೆ. ಇದೇ ನೀರು ಕುಡಿದು ಬೆಳೆದ ಹೊಟ್ಟೆ ಅಲ್ಲವೇ ಇದು ಎಂದರೆ, ಹೊಟ್ಟೆ ಅದೇ, ಆದರೆ ಈಗ ಪಾಸ್‌ಪೋರ್ಟು ಬೇರೆ ಎಂದು ಭಾವ ತಮ್ಮ ಮಾತಿಗೆ ತಾವೇ ನಕ್ಕರು.

ನೆರೆಮನೆಯವರು ನೋಡಲು ಬಂದರು. ನೋಡಲು ಎಂದರೆ ನಿಜವಾಗಿ ನೋಡಲು. ಒಬ್ಬಾಕೆ ನನ್ನ ಕೈ ಹಿಡಿದು ತಿರುವಿ, ಅಷ್ಟು ವರ್ಷ ಹಿಮದಲ್ಲಿದ್ದರೂ ಬಣ್ಣ ಬಿಟ್ಟಿಲ್ಲವಲ್ಲ ಎಂದು ಮರುಗಿದಳು. ಇನ್ನೊಬ್ಬಾಕೆ ಧ್ವನಿ ತಗ್ಗಿಸಿ, ಪೌರತ್ವ ಕೊಡುವಾಗ ಏನಾದರೂ ತಿನ್ನಿಸುತ್ತಾರಂತೆ, ಖರೆಯೇ ಎಂದಳು. ಚಹಾ ಬಿಸ್ಕೀಟು ತಿನ್ನಿಸಿದರು ಎಂದೆ. ಅದು ನಿಜವೇ, ಆದರೆ ಆಕೆ ನಂಬಲಿಲ್ಲ. ಸೊಸೈಟಿಯ ಸೆಕ್ರೆಟರಿ ಬಂದು, ಗಣಪತಿ ಹಬ್ಬದ ವರೆಗೆ ಇದ್ದರೆ ಬಹುಮಾನ ನಿಮ್ಮ ಕೈಯಿಂದಲೇ ಕೊಡಿಸುತ್ತೇವೆ ಎಂದರು. ಒಂಬತ್ತು ವರ್ಷ ಮಾಸ್ತರಕೀ ಮಾಡಿದಾಗ ಒಬ್ಬರೂ ಒಂದು ಬಹುಮಾನ ಕೊಡಿಸಲು ಕರೆದವರಲ್ಲ. ಟೊರಾಂಟೊದಲ್ಲಿ ನಾನು ಏನು ಮಾಡುತ್ತೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನ್ನ ಟೀಚರ್ಸ್ ಟ್ರೇನಿಂಗಿನ ಸರ್ಟಿಫಿಕೇಟು ಅಲ್ಲಿ ಯಾವ ಕಚೇರಿಗೂ ಬೇಡವಾಯಿತು, ಹಾಗಾಗಿ ಬಿಸ್ಕೀಟಿನ ಕಾರ್ಖಾನೆಯಲ್ಲಿ ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಡಬ್ಬಿ ತುಂಬುತ್ತೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನಿಲ್ಲ. ನಾಚಿಕೆ ಆ ಕಚೇರಿಗಳಿಗೆ ಆಗಬೇಕು.

ಇಷ್ಟರ ನಡುವೆ ಗೊತ್ತಾದದ್ದೆಂದರೆ, ಲಗ್ನಕ್ಕೆ ಮುಂಚೆ ನಾನು ಈ ಮನೆಯಲ್ಲಿದ್ದಾಗ ಬರೆಸಿದ್ದ ನನ್ನ ಹೆಸರನ್ನು ಭಾವನವರು ರೇಶನ್ ಕಾರ್ಡಿನಿಂದ ಇನ್ನೂ ತೆಗೆಸಿರಲಿಲ್ಲ. ಇಷ್ಟು ವರ್ಷ ನನ್ನ ಪಾಲಿನ ಸಕ್ಕರೆ ಈ ಮನೆಗೆ ಬರುತ್ತಿತ್ತು. ನಾನು ಸಿಡುಕಿದರೆ ಅವರು, "ದೇಶ ನಿನ್ನ ಬಿಟ್ಟರೂ ರೇಶನ್ನಿನವ ಬಿಟ್ಟಿಲ್ಲ. ಖುಷಿಪಡಬೇಕು ಕಮಲಾ," ಎಂದರು.

ರಾತ್ರಿ ಊಟವಾದ ಮೇಲೆ ಅಕ್ಕ ಕಟ್ಟಿಯವರ ವಿಷಯ ಹೇಳಿದಳು. ಅವರ ಮಗ ಶ್ರೀಕಾಂತ, ಬಿ.ಕಾಂ., ಒಂದು ಔಷಧಿ ಕಂಪನಿಯ ಆಫೀಸಿನಲ್ಲಿ ಕೆಲಸ. ವತ್ಸಲಾಳನ್ನು ನೋಡಿ ಹೋಗಿದ್ದಾನೆ, ಒಪ್ಪಿದ್ದಾರೆ. ಅಕ್ಕನ ಕಣ್ಣಿನಲ್ಲಿ ನೀರು ಬಂತು. ವತ್ಸಲಾಗೆ ಇಪ್ಪತ್ತಾರು. ಫೋರ್ಟ್ ಕಡೆ ಒಂದು ವಿಮಾ ಆಫೀಸಿನಲ್ಲಿ ಟೈಪಿಸ್ಟು, ದಿನಾ ಮುಲುಂಡಿನಿಂದ ವಿ.ಟಿ.ಗೆ ಲೋಕಲ್‌ನಲ್ಲಿ ಹೋಗಿ ಬರುವವಳು. ಬಂದ ಗಂಡುಗಳೆಲ್ಲ ಒಂದಿಲ್ಲೊಂದು ನೆಪ ಹೇಳಿ ಹೋಗಿದ್ದರು. ಬಣ್ಣ ಕಮ್ಮಿ ಎಂದರು, ಮಾತು ಹೆಚ್ಚು ಎಂದರು, ಒಬ್ಬರಂತೂ ಕನ್ನಡ ಸರಿಯಾಗಿ ಬರುವುದಿಲ್ಲ ಎಂದರು. ಅವರ ಮಗನಿಗೂ ಬರುತ್ತಿರಲಿಲ್ಲ. ಕಟ್ಟಿಯವರು ಮಾತ್ರ ವರದಕ್ಷಿಣೆ ಬೇಡ, ಬಂಗಾರ ಬೇಡ, ಏನೂ ಬೇಡ ಎಂದಿದ್ದಾರೆ, ದೇವರಂಥವರು ಎಂದಳು ಅಕ್ಕ. ಏನೂ ಬೇಡದ ಬೀಗರನ್ನು ನಾನು ಎರಡೂ ದೇಶಗಳಲ್ಲಿ ಕಂಡಿಲ್ಲ.

ಬೈಕುಲ್ಲಾ

ನಾನೂ ನನ್ನ ಗಂಡನೂ ಸಂಸಾರ ಹೂಡಿದ್ದು ಬೈಕುಲ್ಲಾದ ಒಂದು ಚಾಳಿನಲ್ಲಿ. ಅವರು ಹತ್ತಿರದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಅಕ್ಕನಿಗೆ ಬೇಡವಿತ್ತು, ಆದರೂ ಒಂದು ದಿನ ಹೋಗಿ ಬಂದೆ. ತರಕಾರಿ ಮಾರ್ಕೆಟ್ಟಿನ ಹಿಂದೆ ಅದೇ ಓಣಿ, ಅದೇ ಎಣ್ಣೆಯ ವಾಸನೆ, ಅದೇ ನಲ್ಲಿಯ ಮುಂದೆ ಅದೇ ಜಗಳ. ನಮ್ಮ ಖೋಲಿಯಲ್ಲಿ ಯಾರೋ ಬೇರೆಯವರಿದ್ದರು. ಪಕ್ಕದಲ್ಲಿ ಮಾತ್ರ ವಿಜಾಪುರ ಕಡೆಯ ಕಾಶವ್ವ ಇನ್ನೂ ಇದ್ದಳು. ಬಿಲ್ಡಿಂಗು ಕಟ್ಟುವಲ್ಲಿ ಇಟ್ಟಿಗೆ ಹೊರುತ್ತಿದ್ದವಳು, ಈಗ ಮೊಣಕಾಲು ಬಿದ್ದು ಮನೆಯಲ್ಲಿಯೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ನನಗೆ ಕುರ್ಚಿ ಹಾಕಲಿಲ್ಲ, ಅವಳ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ. ಹಿಟ್ಟಿನ ಕೈಯಲ್ಲಿಯೇ ಗಲ್ಲ ಸವರಿದಳು. ಬಿಸಿ ರೊಟ್ಟಿಯ ಮೇಲೆ ಹಸಿ ಖಾರ ಹಚ್ಚಿ ಕೊಟ್ಟಳು, ತಂಬಿಗೆಯ ನೀರನ್ನು ಕಾಯಿಸದೆ ಕೊಟ್ಟಳು.

ಅವಳಿಗೆ ಪೌರತ್ವ ಎಂದರೇನು ಎಂದು ತಿಳಿಸಿ ಹೇಳಬೇಕಾಯಿತು. ನಾನು ಹೇಳಿದೆ. ಐದು ವರ್ಷ ಅಲ್ಲಿ ಇದ್ದಾದ ಮೇಲೆ ಒಂದು ದಿನ ಕಚೇರಿಗೆ ಕರೆದರು, ಗೋಡೆಯ ಮೇಲೆ ಬ್ರಿಟಿಷರ ರಾಣಿಯ ಚಿತ್ರ. ಆ ರಾಣಿಗೂ ಆಕೆಯ ವಂಶದವರಿಗೂ ನಿಷ್ಠಳಾಗಿರುತ್ತೇನೆಂದು ಕೈ ಎತ್ತಿ ಹೇಳಬೇಕು. ಇಲ್ಲಿ ಆಕೆಯ ಅಪ್ಪನ ರಾಜ್ಯ ಬೇಡ ಎಂದು ಊರಿಗೆ ಊರೇ ಬೀದಿಗೆ ಇಳಿದಿದ್ದಾಗ ನಾನು ಧಾರವಾಡದಲ್ಲಿ ಪರಕರ ಉಟ್ಟ ಹುಡುಗಿ, ನಾನೂ ಕೂಗಿದ್ದೆ. ಅಪ್ಪನನ್ನು ಕಳಿಸಿಕೊಟ್ಟು ಮಗಳ ಬಾಗಿಲಿಗೆ ಹೋಗಿ ನಿಂತ ಹಾಗಾಯಿತು. ಸಿಟ್ಟು ಬಂದು ಅರ್ಧ ಮಾತು ನುಂಗಿದೆ. ಅಧಿಕಾರಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದ. ಇನ್ನೊಮ್ಮೆ ಹೇಳಿದೆ. ಆಮೇಲೆ ಅಲ್ಲಿರುವ ನಮ್ಮ ದೇಶದವರ ಕಚೇರಿಗೆ ಹೋಗಿ ಹಳೆಯ ಪಾಸ್‌ಪೋರ್ಟು ಒಪ್ಪಿಸಿದರೆ, ಅಲ್ಲಿದ್ದ ನಮ್ಮ ಕಡೆಯ ಹುಡುಗನೊಬ್ಬ ಮುಖ ಎತ್ತಿ ನೋಡದೆ ಅದರ ಮೂಲೆ ಕತ್ತರಿಸಿ ಈ ಕಡೆ ತಳ್ಳಿದ. ರೇಶನ್ ಅಂಗಡಿಯವನಾದರೂ ಒಂದು ಮಾತಾಡುತ್ತಾನೆ.

ಹಾಗಾದರೆ ಯಾಕೆ ಮಾಡಿಸಿಕೊಂಡೆ ಎಂದಳು ಕಾಶವ್ವ. ಯಾಕೆಂದರೆ ಅಲ್ಲಿ ಬದುಕು ನೆಲೆ ನಿಂತಿತ್ತು. ಯಾಕೆಂದರೆ ಗಂಡನ ಯೂನಿಯನ್ನಿನಲ್ಲಿ ಪೌರರಾದವರ ಮಾತು ಮೊದಲು ಕೇಳುತ್ತಿದ್ದರು. ಮತ್ತೆ, ಯಾಕೆಂದರೆ ನಾವು ಬಿಟ್ಟ ಆ ವರ್ಷ ಇದೇ ಓಣಿಯಲ್ಲಿ ಹುಡುಗರು ಗುಂಪು ಕಟ್ಟಿಕೊಂಡು ಬಂದು, ಮದ್ರಾಸಿಗಳೇ ನಿಮ್ಮ ಊರಿಗೆ ಹೋಗಿ ಎಂದು ಉಡುಪಿ ಹೋಟೆಲಿನ ಗಾಜು ಒಡೆದಿದ್ದರು, ನಮ್ಮ ಬಾಗಿಲನ್ನೂ ಬಡಿದಿದ್ದರು. ಧಾರವಾಡದವರನ್ನು ಮದ್ರಾಸಿ ಎಂದರು. ನಾನು ಒಳಗಿನಿಂದ ಮರಾಠಿಯಲ್ಲಿಯೇ ಬೈದೆ, ಅದಕ್ಕೇ ಬಾಗಿಲು ಉಳಿಯಿತು. ಟೊರಾಂಟೊದ ಬಸ್ಸಿನಲ್ಲಿಯೂ ಒಬ್ಬ ಮುದುಕ ಅದನ್ನೇ ಹೇಳಿದ, ನಿಮ್ಮ ಊರಿಗೆ ಹೋಗಿ ಎಂದು. ನನ್ನ ಊರು ಯಾವುದೆಂದು ಇವರೆಲ್ಲ ಕೂಡಿ ಕೂತು ಒಂದು ನಿರ್ಧಾರಕ್ಕೆ ಬಂದರೆ ನಾನು ಹೋಗಲು ತಯಾರು.

ಕಾಶವ್ವ ಎಲ್ಲ ಕೇಳಿಕೊಂಡು ರೊಟ್ಟಿ ಮಗುಚಿದಳು. "ನಾನೂ ವಿಜಾಪುರ ಬಿಟ್ಟು ಬಂದಾಕಿ. ನನ್ನ ಕೈ ಯಾರೂ ಎತ್ತಸಲಿಲ್ಲ ನೋಡವ್ವ," ಎಂದಳು. "ಹೊರಾಕ ಇಟ್ಟಂಗಿ ಕೊಟ್ರು, ಅಷ್ಟ."

ಘಾಟ್ಕೋಪರ್

ಹುಡುಗನ ಮನೆ ನೋಡುವ ಶಾಸ್ತ್ರಕ್ಕೆಂದು ಅಕ್ಕ, ಭಾವ, ನಾನು ಘಾಟ್ಕೋಪರಕ್ಕೆ ಹೋದೆವು. ಹುಡುಗಿಯರು ಹೀಗೆ ಹೋಗುವ ಪದ್ಧತಿ ಇಲ್ಲ, ಆದರೆ ಮಾವಶಿ ಹೋದರೆ ನಾನೂ ಬರುವೆ ಎಂದು ವತ್ಸಲಾ ಹಟ ಹಿಡಿದಳು. ತಾಯಿಯ ತಂಗಿಯನ್ನು ನಮ್ಮ ಕಡೆ ಮಾವಶಿ ಎನ್ನುತ್ತಾರೆ. ಕಟ್ಟಿಯವರು ಆಕೆಯನ್ನು ನೋಡಿ ಹುಬ್ಬು ಏರಿಸಿದರು, ನನ್ನನ್ನು ನೋಡಿ ಇಳಿಸಿದರು.

ಮನೆ ಚೊಕ್ಕಟ. ಶ್ರೀಕಾಂತ ತೆಳ್ಳಗೆ, ಸಂಕೋಚದ ಹುಡುಗ. ವತ್ಸಲಾಳ ಕಡೆ ನೋಡಲಿಲ್ಲ. ನನ್ನ ಹತ್ತಿರ ಬಂದು, ಹಿಮ ಬೀಳುವಾಗ ಸಪ್ಪಳ ಆಗುತ್ತದೆಯೇ ಎಂದು ಕೇಳಿದ. ಇಲ್ಲಪ್ಪಾ ಎಂದೆ. ಅವನ ಅಪ್ಪ ಮಗನ ಜಾಣತನಕ್ಕೆ ಹಿಗ್ಗಿ ನನ್ನ ಮುಖ ನೋಡಿದರು.

ಹುಡುಗನ ತಾಯಿ ರಾಧಾಬಾಯಿ ನನ್ನ ಕೈ ಹಿಡಿದು ಒಳಕೋಣೆಗೆ ಕರೆದೊಯ್ದರು. ಟ್ರಂಕು ತೆರೆದರು. ಒಳಗೆ ಉಣ್ಣೆಯ ಸ್ವೆಟರುಗಳು, ಕಂದು, ನೀಲಿ, ಬೂದಿ ಬಣ್ಣದವು, ಕಿವಿ ಮುಚ್ಚುವ ಟೊಪ್ಪಿಗೆಗಳು, ಕೈಗವಸು. ಮುಂಬೈಯ ಸೆಕೆಯಲ್ಲಿ, ಬೆವರಿನ ಕೈಯಲ್ಲಿ ಒಂದೊಂದೇ ಕುಣಿಕೆ ಹಾಕಿ ಹೆಣೆದದ್ದು. ಒಂದು ಇನ್ನೂ ಸೂಜಿಯ ಮೇಲೆಯೇ ಇತ್ತು.

"ಇಷ್ಟು ಸಾಕಾಗ್ತಾವೇನ್ರಿ ಕಮಲಾಬಾಯಿ, ಇನ್ನೂ ಎರಡು ಹೆಣೀಲ್ಯಾ?"

ಮಗನಿಗೆ ದಿಲ್ಲಿಗೆ ವರ್ಗವಾಗಿದೆಯೇನು ಎಂದು ಕೇಳಿದೆ.

ರಾಧಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. "ನೀವೇ ಕರಕೊಂಡು ಹೋಗೋವ್ರು, ನನ್ನ ಕೇಳ್ತೀರಲ್ಲ."

ವರದಕ್ಷಿಣೆ ಬೇಡ, ಬಂಗಾರ ಬೇಡ ಎಂದವರ ದೊಡ್ಡ ಮನಸ್ಸು ಅಲ್ಲಿ ಪೂರ್ತಿ ತಿಳಿಯಿತು. ನನ್ನ ಪೌರತ್ವವನ್ನೇ ವರದಕ್ಷಿಣೆಯಾಗಿ ಇಟ್ಟು ಭಾವನವರು ಮಾತು ಕೊಟ್ಟಿದ್ದರು, ನನಗೊಂದು ಸುಳಿವೂ ಕೊಡದೆ. ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಹೆಣೆದದ್ದು ಮಗನಿಗೆ ಚಳಿಯಾಗಬಾರದು ಎಂದು. ಉಳಿದವರೆಲ್ಲರ ಮೇಲೆ ಬಂತು.

ತಿರುಗಿ ಬರುವಾಗ ಭಾವ ಲೋಕಲ್ ರೈಲಿನ ಗಂಡಸರ ಡಬ್ಬಿಗೆ ಹತ್ತಿ ನನ್ನಿಂದ ಪಾರಾದರು. ನಾವು ಮೂವರು ಲೇಡೀಸ್ ಡಬ್ಬಿಯಲ್ಲಿ. ಕೆನಡಾದ ರೈಲಿನಲ್ಲಿ ಪಕ್ಕ ಕೂತವರು ಕೆಮ್ಮುವುದಕ್ಕೂ ಕ್ಷಮೆ ಕೇಳುತ್ತಾರೆ. ಇಲ್ಲಿ ಎದುರಿಗೆ ಕೂತ ಹೆಂಗಸು ಮನೆಗೆ ಹೋಗುವುದರೊಳಗೆ ಅವರೆಕಾಯಿ ಬಿಡಿಸಿ ಮುಗಿಸಬೇಕೆಂದು ಅರ್ಧ ರಾಶಿಯನ್ನು ನನ್ನ ಮಡಿಲಿಗೆ ಸುರಿದಳು, ಕೇಳಲಿಲ್ಲ. ಕಾಯಿ ಬಿಡಿಸುತ್ತಲೇ ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. ಅಕ್ಕ ಕಿಟಕಿಯ ಕಡೆ ತಿರುಗಿ, ಒಂದು ಹೂಂ ಅಂದರೆ ನಿನ್ನ ಗಂಟೇನು ಹೋಗುತ್ತದೆ, ಲಗ್ನವಾದ ಮೇಲೆ ಮುಂದಿನದು ದೇವರು ನೋಡಿಕೊಳ್ಳುತ್ತಾನೆ ಎಂದಳು. ಕರೆಸುವುದು ನನ್ನ ಕೈಯಲ್ಲಿಲ್ಲ, ಅರ್ಜಿ ಹಾಕಬಹುದು ಅಷ್ಟೆ, ಓದು ಕೆಲಸ ಎಲ್ಲ ಅಳೆದು ನೋಡಿ ಆ ಸರಕಾರ ಬೇಡ ಅನ್ನಬಹುದು ಎಂದೆ. ಅಕ್ಕ ಕಿವಿ ಕೊಡಲಿಲ್ಲ.

ವತ್ಸಲಾ ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದಳು. ಭಾಂಡುಪ ದಾಟಿದ ಮೇಲೆ ಬಂದು ನನ್ನ ಪಕ್ಕ ಒತ್ತಿಕೊಂಡು ಕೂತಳು. ಆಕೆಯ ಕನ್ನಡ ಮರಾಠಿಯ ಮೇಲೆ ಕಾಲಿಟ್ಟು ನಡೆಯುತ್ತದೆ.

"ಮಾವಶಿ, ಖರಂ ಸಾಂಗೂ, ಖರೆ ಹೇಳ್ಲ್ಯಾ? ಹುಡುಗ ವಾಯೀಟ್ ನಾಹೀ, ಕೆಟ್ಟವ ಅಲ್ಲ. ಆದ್ರ ನಿನ್ನ ಕಾಗದ ಬರಲಿಲ್ಲ ಅಂದ್ರ ಆ ಮನಿಯೊಳಗ ನನ್ನ ಗತಿ ಏನು? ಜನ್ಮಭರ ಆ ಸ್ವೆಟರ್ ನೋಡಕೋತ ಕೂಡೂದು?"

ಹೂಂ ಎಂದರೆ ಅದರ ಸಾಲ ಈ ಹುಡುಗಿ ಜೀವಮಾನವೆಲ್ಲ ತೀರಿಸಬೇಕು. ಉಹೂಂ ಎಂದರೆ ಅಕ್ಕ ಇಷ್ಟು ವರ್ಷ ಹುಡುಕಿ ಹಿಡಿದ ಒಂದು ಸಂಬಂಧ ನನ್ನ ಬಾಯಿಂದ ಮುರಿಯುತ್ತದೆ. ಮುಲುಂಡ್ ಬಂತು. ಕಾಳನ್ನೆಲ್ಲ ಆ ಹೆಂಗಸಿನ ಚೀಲಕ್ಕೆ ಸುರಿದು ಇಳಿದೆವು.

ಮತ್ತೆ ಮುಲುಂಡ್

ಬರುವ ರವಿವಾರ ಸಾಕರಪುಡಾ. ಬೆಳಗಾವಿ ಧಾರವಾಡ ಕಡೆಯಿಂದ ಮುಂಬೈಗೆ ಬಂದ ನಮ್ಮ ಜನ ನಿಶ್ಚಿತಾರ್ಥಕ್ಕೆ ಇದೇ ಹೆಸರು ಬಳಸುತ್ತಾರೆ. ಗಂಡಿನ ಕಡೆಯವರು ಬಣ್ಣದ ಕಾಗದದ ಸುರುಳಿಯಲ್ಲಿ ಸಕ್ಕರೆ ತುಂಬಿ ತರುತ್ತಾರೆ, ಹಿರಿಯರ ಮುಂದೆ ಮಾತುಕತೆಯಾದ ಮೇಲೆ ಹೆಣ್ಣಿನ ಕೈಗೆ ಕೊಡುತ್ತಾರೆ. ಸಕ್ಕರೆ ಕೈಗೆ ಬಂದರೆ ಮಾತು ಮುಗಿಯಿತು, ಹಿಂದೆ ಸರಿಯುವ ಹಾಗಿಲ್ಲ. ಮಾತುಕತೆಯಲ್ಲಿ ಹೆಣ್ಣಿನ ಪರವಾಗಿ ಆಡುವವನು ಸೋದರಮಾವ. ನಮಗೆ ಅಣ್ಣ ತಮ್ಮಂದಿರಿಲ್ಲ, ಅಕ್ಕ ತಂಗಿ ಇಬ್ಬರೇ.

ಜಮಖಾನೆ ಹಾಸಿ, ಗಂಡಸರೆಲ್ಲ ಗೋಡೆಗೆ ಒರಗಿ ಕೂತರು. ಕಟ್ಟಿಯವರು, ಶ್ರೀಕಾಂತ, ಅವರ ಕಡೆಯ ಮೂರು ಮಂದಿ ಹಿರಿಯರು, ಸೊಸೈಟಿಯ ಸೆಕ್ರೆಟರಿ, ಒಬ್ಬ ಆಚಾರ್ಯರು. ಹೆಂಗಸರು ಒಳಗೆ, ಬಾಗಿಲಿನ ಪರದೆಯ ಹಿಂದೆ. ನಾನೂ ಒಳಗೆ ಹೋಗುತ್ತಿದ್ದೆ, ಕಟ್ಟಿಯವರು ತಡೆದರು. "ಬಾಯಾರ, ನೀವು ಇಲ್ಲೆ ಬರ್ರಿ. ಇವತ್ತ ನೀವೇ ಸೋದರಮಾವ," ಎಂದು ಜಮಖಾನೆಯ ಮೇಲೆ ತಮ್ಮ ಎದುರಿಗೆ ಜಾಗ ತೋರಿಸಿದರು. ಎಲ್ಲರೂ ತಲೆದೂಗಿದರು. ಆಚಾರ್ಯರೂ ಅಡ್ಡಿ ಹೇಳಲಿಲ್ಲ.

ನನ್ನದೇ ಲಗ್ನದ ಮಾತುಕತೆಯಲ್ಲಿ ನಾನು ಪರದೆಯ ಹಿಂದೆ ನಿಂತು, ನನ್ನನ್ನು ಕೊಟ್ಟರೋ ಇಲ್ಲವೋ ಎಂದು ಕಿವಿಗೊಟ್ಟವಳು. ಅಕ್ಕನ ಲಗ್ನದಲ್ಲಿ ನಮ್ಮ ಅವ್ವ, ಹತ್ತು ಊರಿಗೆ ಬುದ್ಧಿ ಹೇಳುವಂಥವಳು, ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಂಗಸಾಗಿ ಇವರ ಜಮಖಾನೆಯ ಮೇಲೆ ನನಗೆ ಜಾಗವಿರಲಿಲ್ಲ, ಮಾಸ್ತರಣಿಯಾಗಿಯೂ ಇರಲಿಲ್ಲ. ಆ ರಾಣಿಯ ಹೆಸರಿನಲ್ಲಿ ಕೈ ಎತ್ತಿ ಬಂದೆ ನೋಡಿ, ಗಂಡಸಾಗಿಬಿಟ್ಟೆ. ಮೈಯೆಲ್ಲ ಉರಿಯಿತು. ಆದರೂ ಕೂತೆ. ಬಿಟ್ಟುಕೊಡಲು ಅದು ಕಟ್ಟಿಯವರ ಜಮಖಾನೆ ಅಲ್ಲ, ನನ್ನ ಅಕ್ಕನದು.

ಚೂಡಾ ಬಂತು, ಚಹಾ ಬಂತು. ಕಟ್ಟಿಯವರು ಗಂಟಲು ಸರಿ ಮಾಡಿಕೊಂಡು, ನಮಗೇನೂ ಬೇಡ, ಐದು ಮಂದಿಯ ಮುಂದೆ ಬಾಯಾರ ಒಂದು ಮಾತು ಮಾತ್ರ ಬೇಕು, ಲಗ್ನವಾದ ವರ್ಷದೊಳಗೆ ಶ್ರೀಕಾಂತನನ್ನು ಕರೆಸಿಕೊಳ್ಳುತ್ತೇನೆ ಅನ್ನಲಿ ಎಂದರು. ಭಾವನವರು ನನ್ನ ಕಡೆ ಕೈ ಜೋಡಿಸಿದಂತೆ ನೋಡಿದರು. ನಮ್ಮ ಭಾವ ಕೆಟ್ಟ ಮನುಷ್ಯರಲ್ಲ. ಮಗಳನ್ನು ಮನೆ ಸೇರಿಸಬೇಕೆಂಬ ಆತುರದಲ್ಲಿ ನಾಲಿಗೆ ಉದ್ದ ಮಾಡಿದವರು.

ನಾನು ನಿಧಾನವಾಗಿ, ಶಾಲೆಯಲ್ಲಿ ಹೇಳಿಕೊಡುತ್ತಿದ್ದ ಹಾಗೆ ಹೇಳಿದೆ. ಅಲ್ಲಿನ ಕಾನೂನಿನ ಪ್ರಕಾರ ನಾನು ಅರ್ಜಿ ಹಾಕಬಹುದಾದದ್ದು ನನ್ನ ರಕ್ತಸಂಬಂಧಿಗೆ. ವತ್ಸಲಾ ನನ್ನ ಅಕ್ಕನ ಮಗಳು, ಆಕೆಗೆ ಹಾಕಬಹುದು. ಶ್ರೀಕಾಂತ ನನಗೆ ಏನೂ ಅಲ್ಲ. ಆಕೆ ಬರುವೆ ಎಂದರೆ, ಸರಕಾರ ಒಪ್ಪಿದರೆ, ಆಕೆಯ ಗಂಡ ಎಂದು ಅವನೂ ಜೊತೆಗೆ ಬರಬಹುದು. ಬಂದ ಮೇಲೆ ಬಿ.ಕಾಂ. ಯಾರೂ ಕೇಳುವುದಿಲ್ಲ, ನನ್ನ ಪಕ್ಕ ಟೊಪ್ಪಿಗೆ ಹಾಕಿಕೊಂಡು ಡಬ್ಬಿ ತುಂಬಬೇಕಾದೀತು.

ಡಬ್ಬಿಯ ಮಾತು ಕಟ್ಟಿಯವರ ಕಿವಿಗೆ ಬೀಳಲೇ ಇಲ್ಲ. ಅವರು ಹಿಂದಿನ ಮಾತಿನಲ್ಲಿಯೇ ನಿಂತಿದ್ದರು. "ಅಂದ್ರ ಏನ್ರಿ ಇದು? ನಮ್ಮ ಹುಡುಗ ಹೆಂಡ್ತಿ ಸೆರಗು ಹಿಡಕೊಂಡು ಹೋಗಬೇಕು ಅಂದಂಗಾ?"

"ಹೌದ್ರಿ," ಎಂದೆ. "ಆಕಿ ಒಲ್ಲೆ ಅಂದ್ರ ಅಲ್ಲಿಗೇ ಮುಗೀತು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೆಕ್ರೆಟರಿಯವರು ಕಾನೂನೇ ಹಾಗಿದ್ದರೆ ಏನು ಮಾಡುವುದು ಎಂದು ಸಮಾಧಾನ ಹೇಳಲು ಹೋದರು. ಕಟ್ಟಿಯವರು ಸೆರಗಿನ ಅವಮಾನವನ್ನು ನುಂಗಿಕೊಂಡರು, ಅದು ಅವರ ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಆಗಲಿ, ಹುಡುಗಿಯದೇ ಅರ್ಜಿ ಹಾಕಿ, ಹಾಕುತ್ತೇನೆ ಎಂದು ಮಾತು ಕೊಡಿ, ಈಗಲೇ ಸಕ್ಕರೆ ಕೊಡುತ್ತೇವೆ ಎಂದರು. ಸುರುಳಿಯನ್ನು ತಾಟಿನಿಂದ ಎತ್ತಿಯೂ ಬಿಟ್ಟರು. ಪರದೆಯ ಹಿಂದೆ ಅಕ್ಕನ ಬಳೆ ಸಪ್ಪಳ ಕೇಳಿತು.

ಅದು ನನ್ನದಲ್ಲ, ಆಕೆಯ ಮಾತು, ಆಕೆಯನ್ನೇ ಕೇಳಬೇಕು ಎಂದೆ.

ಕೇಳುವ ತನಕ ಆಕೆ ಕಾಯಲಿಲ್ಲ. ಪರದೆ ಸರಿಸಿಕೊಂಡು ವತ್ಸಲಾ ಹೊರಗೆ ಬಂದು, ಜಮಖಾನೆಯ ಅಂಚಿಗೆ ನಿಂತಳು. ಕೈಯಲ್ಲಿ ಚಹಾದ ತಾಟು ಇರಲಿಲ್ಲ, ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ನಾ ಕೆನಡಾಕ್ಕ ಹೋಗೂದಿಲ್ಲ. ಅರ್ಜಿ ಬ್ಯಾಡ," ಎಂದಳು. ಕನ್ನಡ ಒಂದೊಂದೇ ಹೆಜ್ಜೆ ಇಡುತ್ತಿತ್ತು, ಆದರೆ ಬೀಳಲಿಲ್ಲ. "ಮೀ ಇಥೇಚ್ ರಾಹಣಾರ್. ಇಲ್ಲೇ ಇರೂ ಹುಡುಗಿ ಬೇಕಿದ್ರ ಸಕ್ಕರಿ ಕೊಡ್ರಿ."

ಕಟ್ಟಿಯವರು ಸುರುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಆಮೇಲೆ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಎದ್ದರು. ಅವರ ಕಡೆಯ ಹಿರಿಯರೂ ಎದ್ದರು. ಒಳಗಿನಿಂದ ರಾಧಾಬಾಯಿ ಬಂದರು, ನನ್ನ ಮುಂದೆ ಒಂದು ಗಳಿಗೆ ನಿಂತರು, ಗಂಡನ ಹಿಂದೆ ಹೋದರು. ಶ್ರೀಕಾಂತ ಮಾತ್ರ ತಟ್ಟೆಯಲ್ಲಿ ಉಳಿದಿದ್ದ ಚೂಡಾ ತಿಂದು ಮುಗಿಸಿ, ಚಹಾ ಕುಡಿದು, ವತ್ಸಲಾಳ ಕಡೆ ಮೊದಲ ಸಲ ಕಣ್ಣೆತ್ತಿ ನೋಡಿ, ಮೆಟ್ಟು ಹಾಕಿಕೊಂಡ.

ಆ ಮೇಲೆ ಮನೆಯಲ್ಲಿ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಭಾವ ಪೇಪರಿನ ಹಿಂದೆ ಮುಖ ಮರೆಸಿದರು. ವತ್ಸಲಾ ಮರುದಿನ ತನ್ನ ಲೋಕಲ್ ಗಾಡಿಗೆ ಹೋದಳು, ಆಫೀಸಿಗೆ ತಡವಾಗಲಿಲ್ಲ. ಅಕ್ಕ ಜಮಖಾನೆ ಮಡಚುತ್ತಾ ನನ್ನ ಕಡೆ ನೋಡದೆ ಹೇಳಿದಳು: "ಇಷ್ಟು ದಿನ ನಾ ಅವ್ರಿಗೆ ಇವ್ರಿಗೆ ಹೇಳ್ತಿದ್ದೆ, ನನ್ನ ತಂಗಿ ಎಲ್ಲಿದ್ರೂ ನಮ್ಮಾಕಿ ಅಂತ. ಅಲ್ಲ. ನೀ ಪರದೇಶದಾಕಿ. ನಮ್ಮ ಕಷ್ಟ ನಿನಗ ತಿಳಿಯೂದಿಲ್ಲ."

ಸಾಂತಾಕ್ರೂಜದ ಮೇಜಿನ ಹಿಂದೆ ಕೂತವನೂ ಇದನ್ನೇ ಹೇಳಿದ್ದ, ನಗುತ್ತಾ ಹೇಳಿದ್ದ. ಅವನ ಮೇಲೆ ನನಗೆ ಬಂದದ್ದು ಸಿಟ್ಟು. ಅಕ್ಕ ಹೇಳಿದಾಗ ನನಗೆ ಸಿಟ್ಟು ಮಾಡಲೂ ಆಗಲಿಲ್ಲ. ನನ್ನನ್ನು ಪರದೇಶದವಳೆಂದು ಕುರ್ಚಿಯ ಮೇಲೆ ಕೂರಿಸಿದವರು ಅವರೇ, ಹಾರ ಹಾಕಿಸಿದವರು ಅವರೇ, ನನ್ನ ಕಾಗದವನ್ನು ಅಡವಿಟ್ಟವರು ಅವರೇ. ನಾನು ಆಡಿದ್ದು ಮಾತ್ರ ಮನೆಯವಳ ಮಾತು, ಅದಕ್ಕೆ ಈ ಶಿಕ್ಷೆ. ಇದರ ನ್ಯಾಯ ಯಾರ ಹತ್ತಿರ ಕೇಳುವುದು ಹೇಳಿ. ಉಳಿದ ದಿನಗಳು ಅಕ್ಕ ತಾಟು ಇಟ್ಟಳು, ನೀರು ಇಟ್ಟಳು, ಮಾತಾಡಲಿಲ್ಲ. ಹೊರಡುವ ದಿನ ಬೀಳ್ಕೊಡಲು ವತ್ಸಲಾ ಒಬ್ಬಳೇ ಬಂದಳು. ಪರದೇಶದವರ ಸಾಲಿನಲ್ಲಿ ಈ ಸಲ ನಾನಾಗಿಯೇ ಹೋಗಿ ನಿಂತೆ.

ಆಮೇಲೆ

ಟೊರಾಂಟೊದಿಂದ ನಾನು ತಿಂಗಳಿಗೊಂದು ಕಾಗದ ಬರೆದೆ. ಭಾವ ಎರಡು ಸಾಲು ಉತ್ತರ ಬರೆಯುತ್ತಿದ್ದರು, ಅಕ್ಕ ಬರೆಯುತ್ತಿರಲಿಲ್ಲ. ಕಟ್ಟಿಯವರ ಮಗನಿಗೆ ಲಂಡನ್ನಿನಲ್ಲಿ ಕಾಕಾ ಇರುವ ಹುಡುಗಿ ಸಿಕ್ಕಿದಳೆಂದು ಭಾವನವರೇ ತಿಳಿಸಿದರು.

ಎಪ್ಪತ್ತೇಳರ ಚಳಿಗಾಲದಲ್ಲಿ ಅಕ್ಕನ ಕೈಬರಹದ ಕಾಗದ ಬಂತು. ವತ್ಸಲಾ ತನ್ನ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬನನ್ನು ಒಪ್ಪಿದ್ದಾಳೆ, ಬೆಳಗಾವಿ ಕಡೆಯವರು, ಕಲ್ಯಾಣದಲ್ಲಿ ಮನೆ. ಮಾತುಕತೆಯ ದಿನ ಹುಡುಗಿ ತಾನೇ ಗಂಡಸರ ನಡುವೆ ಹೋಗಿ ಕೂತಳು, ಯಾರ ಮಾತೂ ಕೇಳಲಿಲ್ಲ, ನಿನ್ನದೇ ಹಟ ಅದಕ್ಕೆ ಬಂದಿದೆ ಎಂದು ಬೈದು ಬರೆದಿದ್ದಳು. ಕಡೆಗೆ, ನಿನಗೆ ರಜೆ ಯಾವಾಗ ಸಿಗುತ್ತದೆ ಮೊದಲು ತಿಳಿಸು, ಮುಹೂರ್ತ ಆಮೇಲೆ ನೋಡಿಸುತ್ತೇವೆ ಎಂದಿತ್ತು.

ಬಿಸ್ಕೀಟಿನ ಕಾರ್ಖಾನೆಯ ಮೇಲಿನವನು ಮೇ ತಿಂಗಳಲ್ಲಿ ರಜೆ ಕೊಟ್ಟ. ಲಗ್ನ ಮೇ ತಿಂಗಳಲ್ಲಿ ಆಯಿತು.